ಸೀಲು ಹಾಕುವ ಮೊದಲು ನಕ್ಷೆ ಓದಿ

ಮಾನ್ಯ ಸಂಪಾದಕರೇ,

ಕಟ್ಟಡದ ಅನುಮತಿ ಬೇಗ ಸಿಗುತ್ತಿಲ್ಲ ಎಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಬರುತ್ತದೆ. ಫೈಲ್ ತಿಂಗಳುಗಟ್ಟಲೆ ಕೂತಿದೆ, ಮತ್ತೆ ಮತ್ತೆ ವಾಪಸ್ ಕಳಿಸುತ್ತಾರೆ, ಒಂದು ಸರಿ ಮಾಡಿಕೊಟ್ಟರೆ ಇನ್ನೊಂದು ತಕರಾರು ತೆಗೆಯುತ್ತಾರೆ ಅಂತ. ಅಂಥ ಫೈಲ್‌ಗಳನ್ನು ನೋಡುವವರಲ್ಲಿ ನಾನೂ ಒಬ್ಬ. ಎಂಜಿನಿಯರಿಂಗ್ ನಕ್ಷೆಗಳನ್ನು ಪರಿಶೀಲಿಸಿ, ಅನುಮತಿ ಕೊಡಬಹುದೋ ಇಲ್ಲವೋ ಎಂದು ಬರೆಯುವುದು ನನ್ನ ಕೆಲಸ. ತಡ ಆಗುತ್ತಿರುವುದು ನಿಜ. ಆದರೆ ಅದು ಎಲ್ಲಿ ಆಗುತ್ತಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಅದನ್ನು ಹೇಳಲೆಂದೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮೇಜಿಗೆ ಬರುವ ಎಷ್ಟೋ ನಕ್ಷೆಗಳನ್ನು ಅವುಗಳ ಮೇಲೆ ಸೀಲು ಹಾಕಿ ಸಹಿ ಮಾಡಿದ ಎಂಜಿನಿಯರೇ ಓದಿರುವುದಿಲ್ಲ. ಇದು ದೊಡ್ಡ ಆರೋಪ ಅಂತ ಗೊತ್ತು. ಆದರೆ ಒಂದು ಸಲ ಕಣ್ಣಾಡಿಸಿದ್ದರೂ ಉಳಿಯಲು ಸಾಧ್ಯವಿಲ್ಲದಂಥ ತಪ್ಪುಗಳನ್ನು ದಿನಾ ನೋಡಿದ ಮೇಲೆ ಬೇರೆ ತೀರ್ಮಾನಕ್ಕೆ ಬರಲು ನನ್ನಿಂದ ಆಗುತ್ತಿಲ್ಲ.

ಆರ್ಕಿಟೆಕ್ಟ್ ಕೊಟ್ಟ ಶೀಟಿನಲ್ಲಿ ಕಾಲಂ, ಅಂದರೆ ಕಂಬ, ಗೋಡೆಯ ಮೂಲೆಯಲ್ಲಿರುತ್ತದೆ. ಭಾರ ಹೊರುವ ಭಾಗಗಳನ್ನು ತೋರಿಸುವ ಸ್ಟ್ರಕ್ಚರಲ್ ಶೀಟಿನಲ್ಲಿ ಅದೇ ಕಾಲಂ ಬಾಗಿಲಿನ ನಟ್ಟನಡುವೆ ನಿಂತಿರುತ್ತದೆ. ಸಾಲಾಗಿ ಮೂರು ಕೋಣೆಗಳ ಅಳತೆ 3.20, 4.15 ಮತ್ತು 2.90 ಮೀಟರ್ ಅಂತ ಬರೆದು, ಕೆಳಗೆ ಒಟ್ಟು 10.50 ಅಂತ ಬರೆದಿರುತ್ತಾರೆ. ಕೂಡಿದರೆ 10.25 ಬರುತ್ತದೆ. ಉಳಿದ 25 ಸೆಂಟಿಮೀಟರ್ ಎಲ್ಲಿಯದು? ಗೋಡೆಯ ದಪ್ಪವೋ, ಟೈಪ್ ಮಾಡುವಾಗ ಆದ ತಪ್ಪೋ, ಹಿಂದಿನ ನಕ್ಷೆಯ ಅಳತೆ ಅಳಿಸದೆ ಉಳಿದದ್ದೋ? ಇದನ್ನು ಆಫೀಸಿನಲ್ಲಿ ಕೂತು ಕೇಳಿದರೆ ಸಣ್ಣ ವಿಷಯಕ್ಕೆ ಫೈಲ್ ನಿಲ್ಲಿಸಿದರು ಅನ್ನುತ್ತಾರೆ. ನಾನು ಕೇಳದೆ ಬಿಟ್ಟರೆ ಕೆಲಸದ ಜಾಗದಲ್ಲಿ ಮೇಸ್ತ್ರಿ ತನಗೆ ಸರಿ ಅನಿಸಿದ ಅಳತೆ ಹಿಡಿದು ಕಾಲಂ ಎಬ್ಬಿಸುತ್ತಾನೆ. ಆಗ ಮೇಲಿನ ಮಹಡಿಯ ಕಾಲಂ ಕೆಳಗಿನದರ ಮೇಲೆ ಕೂರುವುದಿಲ್ಲ. ಕಾಲಂ ಮೇಲಿನ ಭಾರ ನಡುವಿನಲ್ಲಿ ಬೀಳದೆ ಪಕ್ಕಕ್ಕೆ ಸರಿದರೆ ಅದು ಒತ್ತಡದ ಜೊತೆಗೆ ಬಾಗುವಿಕೆಯನ್ನೂ ತಡೆಯಬೇಕಾಗುತ್ತದೆ. ಆ ಲೆಕ್ಕವನ್ನು ಯಾರೂ ಮಾಡಿರುವುದಿಲ್ಲ.

ಟಿಪ್ಪಣಿಗಳ ಶೀಟ್ ಇನ್ನೊಂದು ಗೋಳು. ಕಾಲಂ ಕೆಳಗಿನ ಸಾದಾ ಅಡಿಪಾಯ, ಅಂದರೆ ಫೂಟಿಂಗ್, ಇರುವ ಎರಡು ಮಹಡಿಯ ಕಟ್ಟಡದ ನಕ್ಷೆಯಲ್ಲಿ ನೆಲದಾಳಕ್ಕೆ ಇಳಿಸುವ ಪೈಲ್‌ಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಟಿಪ್ಪಣಿ ಇರುತ್ತದೆ. ಕಾಂಕ್ರೀಟಿನ ದರ್ಜೆ ಒಂದು ಶೀಟಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಯಾವುದೋ ಬೇರೆ ಕೆಲಸದ ಹೆಸರು ಮೂಲೆಯಲ್ಲಿ ಹಾಗೇ ಉಳಿದಿರುತ್ತದೆ. ಹಳೆಯ ನಕ್ಷೆಯಿಂದ ನಕಲು ಮಾಡುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ನಕಲು ಮಾಡಿದ ಮೇಲೆ ಓದಬೇಕು ಅಲ್ವಾ?

ಇವು ಕಣ್ಣಿಗೆ ಕಾಣುವ ತಪ್ಪುಗಳು, ಪರವಾಗಿಲ್ಲ. ನನಗೆ ನಿಜವಾಗಿ ಭಯ ಹುಟ್ಟಿಸುವುದು ನೋಡಲು ಚೆನ್ನಾಗಿದ್ದೂ ಒಳಗೆ ತಪ್ಪಾಗಿರುವ ನಕ್ಷೆಗಳು. ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಅದು ಒಂದೇ ಕಡೆ ಆಧಾರ ಹಿಡಿದು ಹೊರಗೆ ಚಾಚಿಕೊಂಡಿರುತ್ತದೆ. ಮೇಲೆ ಜನ ನಿಂತಾಗ ಅದರ ತುದಿ ಕೆಳಕ್ಕೆ ಬಾಗುತ್ತದೆ, ಅಂದರೆ ಸ್ಲ್ಯಾಬಿನ ಮೇಲ್ಭಾಗ ಹಿಗ್ಗುತ್ತದೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಜಾಸ್ತಿ. ಎಳೆತ ತಡೆಯುವ ಶಕ್ತಿ ಅದರ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಹಾಗಾಗಿ ಬಾಲ್ಕನಿಯ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು, ಮತ್ತು ಅದು ಆಧಾರದ ಆಚೆಗೆ ಒಳಗಿನ ಸ್ಲ್ಯಾಬಿನಲ್ಲೂ ಸಾಕಷ್ಟು ದೂರ ಹೋಗಿ ಹಿಡಿದುಕೊಳ್ಳಬೇಕು. ಎಂಜಿನಿಯರಿಂಗ್ ಓದುವ ಹುಡುಗರಿಗೆ ಮೊದಮೊದಲೇ ಕಲಿಸುವ ಪಾಠ ಇದು. ಆದರೂ ಒಳಗಿನ ಕೋಣೆಯ ಸ್ಲ್ಯಾಬಿನ ವಿವರವನ್ನೇ ಬಾಲ್ಕನಿಗೂ ಅಂಟಿಸಿ, ಕಬ್ಬಿಣವನ್ನೆಲ್ಲ ಕೆಳಗೆ ತೋರಿಸಿದ ನಕ್ಷೆಗಳು ಬರುತ್ತವೆ. ಗೆರೆಗಳು ನೀಟಾಗಿರುತ್ತವೆ, ಬಣ್ಣ ಚೆನ್ನಾಗಿರುತ್ತದೆ, ಸೀಲು ಸ್ಪಷ್ಟವಾಗಿರುತ್ತದೆ. ಅದನ್ನು ಹಾಗೇ ಕಟ್ಟಿದರೆ ಅಡಿಯ ಆಸರೆ ತೆಗೆದ ದಿನವೇ ಬಾಲ್ಕನಿ ಬೀಳಬಹುದು. ಇನ್ನೂ ಕೆಟ್ಟದ್ದು ಏನೆಂದರೆ ಆ ದಿನ ಬೀಳದೆ, ಜನ ತುಂಬಿದ ದಿನ ಬೀಳಬಹುದು.

ನೀರಿನ ಟ್ಯಾಂಕ್ ಕೂಡ ಹೀಗೇ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ಎತ್ತರ ನೀರು ನಿಂತರೆ ಅದರ ತೂಕ ಒಂದು ಟನ್, ಸುಮಾರು 10 ಕಿಲೋನ್ಯೂಟನ್. ವಾಸದ ಕೋಣೆಗಳಿಗೆ ಸಾಮಾನ್ಯವಾಗಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್ ಆಸುಪಾಸು. ಅಂದರೆ ಆ ಟ್ಯಾಂಕಿನ ಕೆಳಗಿನ ಜಾಗಕ್ಕೆ ಐದು ಪಟ್ಟು ಭಾರ. ಆರ್ಕಿಟೆಕ್ಟ್ ಶೀಟಿನಲ್ಲಿ ಮಹಡಿಯ ಮೇಲೆ ಟ್ಯಾಂಕ್ ಇರುತ್ತದೆ, ಪ್ಲಂಬಿಂಗ್ ಶೀಟಿನಲ್ಲಿ ಅದಕ್ಕೆ ಪೈಪ್ ಹೋಗಿರುತ್ತದೆ. ಸ್ಟ್ರಕ್ಚರಲ್ ಲೆಕ್ಕದಲ್ಲಿ ಮಾತ್ರ ಅದು ಇರುವುದಿಲ್ಲ. ಕೇಳಿದರೆ "ಅದು ಆಮೇಲೆ ಬಂದದ್ದು ಸಾರ್" ಅನ್ನುತ್ತಾರೆ. ಆಮೇಲೆ ಬಂದಿದ್ದರೆ ಲೆಕ್ಕವೂ ಆಮೇಲೆ ಬದಲಾಗಬೇಕಿತ್ತು.

ಒಳಚರಂಡಿಯ ಶೀಟುಗಳಲ್ಲಿ ಪೈಪ್ ಶುರುವಾಗುವ ಮಟ್ಟ ಒಂದು, ಸೇರುವ ಮ್ಯಾನ್‌ಹೋಲಿನ ಮಟ್ಟ ಅದಕ್ಕಿಂತ ಮೇಲೆ. ನೀರು ಏರು ಹತ್ತುವುದಿಲ್ಲ ಅಂತ ಷರಾ ಬರೆಯಬೇಕಾದ ಪರಿಸ್ಥಿತಿ. ಎರಡೂ ಮಟ್ಟಗಳು ಒಂದೇ ಶೀಟಿನಲ್ಲಿ, ಒಂದು ಗೇಣು ಅಂತರದಲ್ಲೇ ಬರೆದಿರುತ್ತವೆ. ಕಟ್ಟಿ ಮುಗಿದ ಮೇಲೆ ಗೊತ್ತಾದರೆ ನೆಲ ಅಗೆದು ಎಲ್ಲವನ್ನೂ ಮತ್ತೆ ಹಾಕಬೇಕು.

ಮಣ್ಣಿನ ವರದಿಯ ವಿಷಯ ಇನ್ನೂ ಗಂಭೀರ. ಒಂದು ಜಾಗದ ಮಣ್ಣು ಎಷ್ಟು ಭಾರ ಹೊರುತ್ತದೆ ಎಂಬುದು ಅಲ್ಲಿ ರಂಧ್ರ ಕೊರೆದು ನೋಡದೆ ಗೊತ್ತಾಗುವುದಿಲ್ಲ. ಪಕ್ಕದ ಜಾಗದಲ್ಲಿ ಗಟ್ಟಿ ನೆಲ ಇತ್ತು ಅಂದರೆ ಇಲ್ಲೂ ಇದೆ ಅಂತ ಅರ್ಥವಲ್ಲ. ನಡುವೆ ಯಾವತ್ತೋ ಮುಚ್ಚಿದ ಕೆರೆಯಂಚು ಇರಬಹುದು, ತುಂಬಿಸಿದ ಮಣ್ಣಿರಬಹುದು, ಅಂತರ್ಜಲ ಮೇಲಿರಬಹುದು. ಆದರೂ ಬೇರೆ ಜಾಗದ ವರದಿಯನ್ನೇ ಹೆಸರು ಬದಲಿಸಿ ಲಗತ್ತಿಸುವವರಿದ್ದಾರೆ. ಕೊರೆದ ರಂಧ್ರಗಳ ಸ್ಥಳ ತೋರಿಸುವ ಚಿತ್ರ ನೋಡಿದರೆ ನಿವೇಶನದ ಆಕಾರವೇ ಬೇರೆ. ಇದನ್ನು ತಪ್ಪು ಅಂತ ಕರೆಯಲು ನನಗೆ ಮನಸ್ಸಿಲ್ಲ. ಇದು ಮೋಸ. ಕಟ್ಟಡದ ಎಲ್ಲ ಭಾರವೂ ಕೊನೆಗೆ ಬಂದು ಕೂರುವುದು ಆ ಮಣ್ಣಿನ ಮೇಲೆ, ಅದನ್ನೇ ಸುಳ್ಳು ಹೇಳಿದರೆ ಮೇಲಿನ ಎಲ್ಲ ಲೆಕ್ಕಕ್ಕೂ ಅರ್ಥವಿಲ್ಲ.

ಲೆಕ್ಕದ ಬಗ್ಗೆಯೂ ಹೇಳಬೇಕು. ಈಗ ಎಲ್ಲರೂ ಸಾಫ್ಟ್‌ವೇರ್ ಬಳಸುತ್ತಾರೆ, ಒಳ್ಳೆಯದೇ. ಆದರೆ ನೂರಾರು ಪುಟದ ಪ್ರಿಂಟ್ ತಂದು ಮೇಜಿನ ಮೇಲಿಟ್ಟು "ಲೆಕ್ಕ ಎಲ್ಲ ಇದೆ" ಅಂದರೆ ಆಗುವುದಿಲ್ಲ. ಯಾವ ಭಾರ ಹಾಕಿದಿರಿ, ಕಾಲಂ ಬುಡವನ್ನು ಪೂರ್ತಿ ಬಿಗಿಯಾಗಿದೆ ಅಂತ ಹಿಡಿದಿರೋ ತಿರುಗಬಹುದು ಅಂತ ಹಿಡಿದಿರೋ, ಯಾವ ಬೀಮಿನಲ್ಲಿ ಅತಿ ಹೆಚ್ಚು ಒತ್ತಡ ಬಂತು, ಇವಕ್ಕೆ ಉತ್ತರ ಆ ಪುಟಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಮಾಡುವುದು ಸರಳ. ಒಂದು ಬೀಮ್ ಆರಿಸುತ್ತೇನೆ, ಅದರ ಮೇಲೆ ಪ್ರತಿ ಮೀಟರಿಗೆ ಬರುವ ಭಾರವನ್ನು ಉದ್ದದ ವರ್ಗದಿಂದ ಗುಣಿಸಿ ಎಂಟರಿಂದ ಭಾಗಿಸುತ್ತೇನೆ. ಎರಡು ತುದಿಯಲ್ಲಿ ಸುಮ್ನೆ ಕೂತ ಬೀಮಿನ ನಡುವೆ ಬರುವ ಬಾಗುವಿಕೆಯ ಲೆಕ್ಕ ಅದು, ಕಾಗದದ ತುಂಡಿನಲ್ಲಿ ಆಗುತ್ತದೆ. ಕಂಪ್ಯೂಟರಿನ ಉತ್ತರ ಅದರ ಹತ್ತನೇ ಒಂದು ಭಾಗ ಇದ್ದರೆ ಎಲ್ಲೋ ಯೂನಿಟ್ ತಪ್ಪಾಗಿದೆ ಅಥವಾ ಭಾರವೇ ಹಾಕಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಸೀಲು ಹಾಕುವವರು ಈ ಒಂದು ಲೆಕ್ಕ ಮಾಡಿ ಕಳಿಸಿದ್ದರೆ ಎಷ್ಟು ಫೈಲ್‌ಗಳು ಮೊದಲ ಸಲಕ್ಕೇ ಪಾಸಾಗುತ್ತಿದ್ದವು!

ಇನ್ನು ಪ್ರಿಂಟ್. 1:100 ಸ್ಕೇಲ್‌ನಲ್ಲಿ ಎ1 ಹಾಳೆಗೆ ಮಾಡಿದ ನಕ್ಷೆಯನ್ನು ಎ3 ಹಾಳೆಯಲ್ಲಿ ಒತ್ತಿ ತರುತ್ತಾರೆ. ಹಾಳೆಯ ಉದ್ದ ಅಗಲ ಎರಡೂ ಅರ್ಧವಾಗುತ್ತವೆ, ಸ್ಕೇಲ್ ನಿಜವಾಗಿ 1:200 ಆಗಿರುತ್ತದೆ. ಮೂಲೆಯಲ್ಲಿ ಮಾತ್ರ 1:100 ಅಂತಲೇ ಇರುತ್ತದೆ. ಅಕ್ಷರ ಓದಲು ಭೂತಗನ್ನಡಿ ಬೇಕು. ಕಬ್ಬಿಣದ ಗಾತ್ರ 10 ಮಿಲಿಮೀಟರೋ 16 ಮಿಲಿಮೀಟರೋ ತಿಳಿಯದಿದ್ದರೆ ನಾನು ಊಹಿಸಿ ಸಹಿ ಹಾಕಬೇಕೇ? 16ರ ಸರಳಿನ ಅಡ್ಡಕೊಯ್ತದ ವಿಸ್ತೀರ್ಣ 10ರ ಸರಳಿನದರ ಸುಮಾರು ಎರಡೂವರೆ ಪಟ್ಟು. ಓದಲಾಗದ ಒಂದು ಅಂಕಿಯ ಬೆಲೆ ಅಷ್ಟು.

ಈಗ ಜನರ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. "ಒಂದು ಸರಿ ಮಾಡಿದರೆ ಇನ್ನೊಂದು ತೆಗೆಯುತ್ತಾರೆ." ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಒಳಗೆ ಆಗುವುದು ಏನು ಅಂತ ಕೇಳಿ. ನಾವು ಷರಾಗಳ ಪಟ್ಟಿ ಕಳಿಸುತ್ತೇವೆ. ಉತ್ತರವಾಗಿ ಒಂದು ಪತ್ರ ಬರುತ್ತದೆ, ಪ್ರತಿ ಷರಾದ ಎದುರು "ಸರಿಪಡಿಸಲಾಗಿದೆ" ಅಂತ. ಶೀಟ್ ತೆಗೆದು ನೋಡಿದರೆ ಕೆಲವು ಹಾಗೇ ಇರುತ್ತವೆ, ಒಂದು ಗೆರೆಯೂ ಅಲ್ಲಾಡಿರುವುದಿಲ್ಲ. ಕೆಲವನ್ನು ಷರಾ ಬರೆದ ಶೀಟಿನಲ್ಲಿ ಮಾತ್ರ ಬದಲಿಸಿರುತ್ತಾರೆ, ಅದಕ್ಕೆ ಸಂಬಂಧಪಟ್ಟ ಉಳಿದ ಶೀಟುಗಳು ಹಳೆಯವೇ. ಏನು ಬದಲಿಸಿದ್ದೇವೆ ಎಂದು ಗುರುತು ಮಾಡಿರುವುದಿಲ್ಲ, ಹಾಗಾಗಿ ನಾನು ಎಲ್ಲ ಶೀಟುಗಳನ್ನೂ ಮೊದಲಿನಿಂದ ಓದಬೇಕು. ಓದಿದಾಗ ಹೋದ ಸಲ ಇಲ್ಲದ ಹೊಸ ತಪ್ಪು ಸಿಗುತ್ತದೆ. ಹೋದ ಸಲ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಹೋದ ಸಲ ಅದು ಅಲ್ಲಿರಲಿಲ್ಲ!

ಒಂದು ಅಳತೆ ಬದಲಾದರೆ ಏನೇನು ಬದಲಾಗುತ್ತದೆ ಎಂಬುದನ್ನು ಮಾಲೀಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಅನಿಸುತ್ತದೆ. ಹಾಲ್ ಸ್ವಲ್ಪ ದೊಡ್ಡದಾಗಲಿ ಅಂತ ಬೀಮಿನ ಉದ್ದ 4 ಮೀಟರಿನಿಂದ 5 ಮೀಟರಿಗೆ ಎಳೆಯುತ್ತಾರೆ. ಒಂದೇ ಮೀಟರ್ ಅಲ್ವಾ ಅನಿಸುತ್ತದೆ. ಒಂದೇ ಸಮನಾಗಿ ಹರಡಿದ ಭಾರಕ್ಕೆ ಬಾಗುವಿಕೆಯ ಒತ್ತಡ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಬೀಮ್ ಜೋತು ಬೀಳುವ ಪ್ರಮಾಣ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು 2.4 ಪಟ್ಟು. ಬೀಮಿನ ಆಳ, ಕಬ್ಬಿಣ, ಕಾಲಂ ಮೇಲಿನ ಭಾರ, ಫೂಟಿಂಗಿನ ಅಗಲ ಎಲ್ಲವನ್ನೂ ಮತ್ತೆ ನೋಡಬೇಕು. ನಮ್ಮ ಮೇಜಿಗೆ ಬರುವುದು ಎಳೆದ ಗೆರೆ ಮತ್ತು ಹಳೆಯ ಲೆಕ್ಕ.

ಇದೇ ತಪ್ಪಿಗೆ ಕೆನಡಾದ ಕ್ವಿಬೆಕ್ ಸೇತುವೆ ದೊಡ್ಡ ಪಾಠ. ಅದರ ಎರಡು ಮುಖ್ಯ ಆಧಾರಗಳ ನಡುವಿನ ಅಂತರವನ್ನು ಮೊದಲಿದ್ದ 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದರು. ಸೇತುವೆಯ ಸ್ವಂತ ತೂಕದ ಲೆಕ್ಕವನ್ನು ಅದಕ್ಕೆ ತಕ್ಕಂತೆ ಸರಿಯಾಗಿ ಮತ್ತೆ ಮಾಡಲಿಲ್ಲ. ನಿಜವಾದ ತೂಕ ಜಾಸ್ತಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ಕೆಲಸ ಬಹಳ ಮುಂದೆ ಹೋಗಿತ್ತು. ಉಕ್ಕಿನ ಭಾಗಗಳು ಬಾಗುತ್ತಿರುವುದು ಕೆಲಸದ ಜಾಗದಲ್ಲಿ ಕಣ್ಣಿಗೇ ಕಾಣುತ್ತಿತ್ತು. 1907ರ ಆಗಸ್ಟ್ 29ರಂದು ಇನ್ನೂ ಕಟ್ಟುತ್ತಿದ್ದ ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಮಾತು, ಕೈಯಿಂದ ಲೆಕ್ಕ ಮಾಡುತ್ತಿದ್ದ ಕಾಲ. ಈಗ ಒಂದು ಗುಂಡಿ ಒತ್ತಿದರೆ ಲೆಕ್ಕ ಮತ್ತೆ ಆಗುತ್ತದೆ, ಆದರೂ ಯಾರೂ ಒತ್ತುವುದಿಲ್ಲ.

ಸೀಲಿನ ಬೆಲೆ ಏನು ಅಂತ ತಿಳಿಯಬೇಕಾದವರು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕಥೆ ಓದಬೇಕು. ಅಲ್ಲಿ ಲಾಬಿಯ ಮೇಲೆ ಎರಡನೇ ಮತ್ತು ನಾಲ್ಕನೇ ಮಹಡಿಯ ನಡೆದಾಟದ ಸೇತುವೆಗಳು ಒಂದರ ಕೆಳಗೆ ಒಂದು ತೂಗುತ್ತಿದ್ದವು. ಮೊದಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳು ಎರಡನ್ನೂ ಹಿಡಿಯಬೇಕಿತ್ತು. ತಯಾರಿಕೆಗೆ ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು. ಮೇಲಿನ ಸರಳು ನಾಲ್ಕನೇ ಮಹಡಿಯದ್ದನ್ನು ಹಿಡಿಯುತ್ತದೆ, ಕೆಳಗಿನ ಸರಳು ಆ ನಾಲ್ಕನೇ ಮಹಡಿಯ ಬೀಮಿನಿಂದಲೇ ತೂಗುತ್ತದೆ. ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಮೇಲಿನ ಬೀಮಿನ ಅಡಿಯ ನಟ್ಟು ಈಗ ಎರಡೂ ಸೇತುವೆಗಳ ಭಾರ ಹೊರಬೇಕು, ಭಾರ ಎರಡು ಪಟ್ಟಾಯಿತು. ಆ ಬದಲಾವಣೆ ಇದ್ದ ಡ್ರಾಯಿಂಗ್ ಎಂಜಿನಿಯರ್ ಆಫೀಸಿಗೆ ಬಂತು, ಅವರ ಸೀಲು ಬಿತ್ತು. ಆ ಜೋಡಣೆಯ ಲೆಕ್ಕವನ್ನು ಯಾರೂ ಮಾಡಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಮೊದಲಿನ ವಿನ್ಯಾಸವೂ ಅಲ್ಲಿನ ಕಟ್ಟಡ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲ, ಬದಲಾವಣೆ ಆದ ಮೇಲೆ ತನ್ನ ಸ್ವಂತ ಭಾರವನ್ನೇ ಕಷ್ಟಪಟ್ಟು ಹೊರುತ್ತಿತ್ತು. 1981ರ ಜುಲೈ 17ರ ಸಂಜೆ, ಲಾಬಿಯಲ್ಲಿ ನೃತ್ಯ ಕಾರ್ಯಕ್ರಮ ನಡೆಯುತ್ತಿದ್ದಾಗ, ಎರಡೂ ಕುಸಿದವು. 114 ಜನ ಸತ್ತರು. ಎಂಜಿನಿಯರ್‌ಗಳ ಲೈಸೆನ್ಸ್ ರದ್ದಾಯಿತು. ಸೀಲು ಹಾಕಿದವರೇ ಹೊಣೆ ಎಂಬುದು ಆ ಪ್ರಕರಣದಲ್ಲಿ ಸ್ಪಷ್ಟವಾಗಿ ತೀರ್ಮಾನವಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗಾಗುತ್ತದೆ? ನನಗೆ ಕಂಡಂತೆ ಕೆಲವು ಆಫೀಸುಗಳು ಪರಿಶೀಲನೆಯನ್ನು ತಮ್ಮ ಕೆಲಸದ ಕೊನೆಯ ಭಾಗ ಅಂತ ಅಂದುಕೊಂಡಿವೆ. "ಹಾಕಿಬಿಡಿ, ಅವರೇ ಹೇಳುತ್ತಾರೆ ಏನು ತಪ್ಪಿದೆ ಅಂತ." ಅರ್ಜಿ ಸಾಲಿನಲ್ಲಿ ಮೊದಲು ನಿಲ್ಲಲಿ, ನಕ್ಷೆ ಆಮೇಲೆ ಪೂರ್ತಿ ಮಾಡೋಣ ಅಂತ ಅರ್ಧಂಬರ್ಧ ಶೀಟುಗಳನ್ನು ತಂದು ಕೊಡುತ್ತಾರೆ. ನಕ್ಷೆ ಬರೆಯುವುದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಅಥವಾ ಹುಡುಗಿ, ಅವರಿಗೆ ಹೇಳಿಕೊಡುವವರು ಯಾರೂ ಇಲ್ಲ. ಸೀಲು ಇರುವವರು ನಕ್ಷೆ ಇರುವ ಕಡೆ ಇರುವುದೇ ಇಲ್ಲ. ಸೀಲನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಅವರಿಗೆ ಫೋನ್ ಮಾಡಿ "ಈ ಬೀಮ್ ಯಾಕೆ ಇಷ್ಟು ಆಳ ಇಟ್ಟಿರಿ" ಅಂತ ಕೇಳಿದರೆ ಯಾವ ಕಟ್ಟಡ ಅಂತ ಮೊದಲು ಕೇಳುತ್ತಾರೆ.

ಮಾಲೀಕರ ಪಾಲೂ ಇದರಲ್ಲಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಅಡುಗೆಮನೆಯ ಹಾಸುಗಲ್ಲಿಗೆ ಖರ್ಚು ಮಾಡುವಾಗ ಹಿಂದೆ ಮುಂದೆ ನೋಡದವರು ಸ್ಟ್ರಕ್ಚರಲ್ ಎಂಜಿನಿಯರ್ ಫೀಸಿನಲ್ಲಿ ಚೌಕಾಸಿ ಮಾಡುತ್ತಾರೆ. ಎಲ್ಲಕ್ಕಿಂತ ಕಡಿಮೆ ಕೇಳಿದವರಿಗೆ ಕೆಲಸ ಕೊಡುತ್ತಾರೆ. ಆ ದುಡ್ಡಿನಲ್ಲಿ ಯಾರೂ ಕೂತು ಎರಡನೇ ಸಲ ಓದುವುದಿಲ್ಲ. ಅನುಮತಿ ಬಂದ ಮೇಲೆ ಒಂದು ಮಹಡಿ ಜಾಸ್ತಿ ಮಾಡಿ, ಒಂದು ಕಾಲಂ ತೆಗೆದುಬಿಡಿ ಅಂತ ಒತ್ತಾಯ ಮಾಡುವವರೂ ಅವರೇ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸ್ಯಾಂಪೂಂಗ್ ಎಂಬ ಮಳಿಗೆಯ ಕಟ್ಟಡ ಇತ್ತು. ವಾಸದ ಕಟ್ಟಡ ಅಂತ ಯೋಜಿಸಿದ್ದನ್ನು ನಡುವೆ ಮಳಿಗೆ ಮಾಡಿದರು, ಎಸ್ಕಲೇಟರ್‌ಗೆ ಜಾಗ ಬೇಕು ಅಂತ ಕಾಲಂಗಳನ್ನು ಕಡಿತ ಮಾಡಿದರು, ಮೇಲೆ ಐದನೇ ಮಹಡಿ ಸೇರಿಸಿದರು. ಒಪ್ಪದ ಗುತ್ತಿಗೆದಾರರನ್ನು ತೆಗೆದುಹಾಕಿದರು. 1995ರ ಜೂನ್ 29ರಂದು ಅದು ಕುಸಿದು 502 ಜನ ಸತ್ತರು. ಒತ್ತಾಯ ಮಾಡುವ ಮೊದಲು ಅದನ್ನು ನೆನಪು ಮಾಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಇದೆಲ್ಲದರಿಂದ ಪೆಟ್ಟು ತಿನ್ನುವುದು ಯಾರು ಗೊತ್ತೇ? ಸರಿಯಾಗಿ ಕೆಲಸ ಮಾಡುವ ಎಂಜಿನಿಯರ್‌ಗಳು. ಅಂಥವರು ಈಗಲೂ ಇದ್ದಾರೆ, ಅವರ ನಕ್ಷೆ ತೆರೆದರೆ ಮನಸ್ಸು ತುಂಬುತ್ತದೆ. ಮೊದಲ ಶೀಟಿನಲ್ಲೇ ಯಾವ ಭಾರ ಹಿಡಿದಿದ್ದೇವೆ, ಯಾವ ದರ್ಜೆಯ ಕಾಂಕ್ರೀಟ್, ಮಣ್ಣಿನ ಶಕ್ತಿ ಎಷ್ಟು ಅಂತ ಇರುತ್ತದೆ. ಕಾಲಂಗಳ ಸಾಲುಗಳಿಗೆ ಎಲ್ಲ ಶೀಟಿನಲ್ಲೂ ಒಂದೇ ಹೆಸರು. ಕಷ್ಟದ ಜೋಡಣೆ ಎಲ್ಲಿದೆಯೋ ಅಲ್ಲಿ ದೊಡ್ಡದಾಗಿ ಬಿಡಿಸಿ ತೋರಿಸಿರುತ್ತಾರೆ. ನನಗೆ ಬರಬಹುದಾದ ಪ್ರಶ್ನೆಯನ್ನು ಮೊದಲೇ ಊಹಿಸಿ ಉತ್ತರ ಬರೆದಿರುತ್ತಾರೆ. ಅಂಥ ಫೈಲ್ ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಡ. ಆದರೆ ಅದು ನನ್ನ ಕೈಗೆ ಬರುವುದಕ್ಕೇ ವಾರಗಟ್ಟಲೆ ಆಗುತ್ತದೆ, ಯಾಕೆಂದರೆ ಅದರ ಮುಂದೆ ಮೂರನೇ ಸಲ, ನಾಲ್ಕನೇ ಸಲ ವಾಪಸ್ ಬಂದ ಕೆಟ್ಟ ಫೈಲ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಚೆನ್ನಾಗಿ ಕೆಲಸ ಮಾಡಿದವರು ಬೇರೆಯವರ ಬೇಜವಾಬ್ದಾರಿಗೆ ಕಾಯಬೇಕು. ಅವರ ಗ್ರಾಹಕರು ಅವರನ್ನೇ ಬೈಯುತ್ತಾರೆ. ಇದನ್ನು ನೋಡಿ ನನಗೆ ಆಗುವ ಸಂಕಟ ಹೇಳಲು ಆಗುವುದಿಲ್ಲ.

"ಅಷ್ಟು ಗೊತ್ತಿದ್ದರೆ ನೀವೇ ತಿದ್ದಿಬಿಡಿ" ಅನ್ನುತ್ತಾರೆ ಕೆಲವರು. ಕೆಂಪು ಪೆನ್ ತಗೊಂಡು ಕಬ್ಬಿಣ ಎಲ್ಲಿರಬೇಕು ಅಂತ ಬರೆಯುವುದು ಎರಡು ನಿಮಿಷದ ಕೆಲಸ. ಆದರೆ ಹಾಗೆ ಬರೆದ ಕೂಡಲೇ ಆ ಕಟ್ಟಡದ ವಿನ್ಯಾಸ ಯಾರದ್ದು ಅಂತ ಹೇಳಲು ಆಗುವುದಿಲ್ಲ. ನಾನು ಆ ಜಾಗ ನೋಡಿಲ್ಲ, ಎಲ್ಲ ಭಾರಗಳನ್ನೂ ಲೆಕ್ಕ ಹಾಕಿಲ್ಲ, ಒಂದು ಬೀಮ್ ತಿದ್ದಿದರೆ ಪಕ್ಕದ ಬೀಮಿಗೆ ಏನಾಗುತ್ತದೆ ಅಂತ ಪೂರ್ತಿ ನೋಡಿಲ್ಲ. ವಿನ್ಯಾಸ ಮಾಡಿದವರು ಬೇರೆ, ಅದನ್ನು ಸ್ವತಂತ್ರವಾಗಿ ನೋಡುವವರು ಬೇರೆ ಇರಬೇಕು ಎಂಬುದಕ್ಕೇ ಈ ವ್ಯವಸ್ಥೆ ಇರುವುದು. ನಾನೇ ವಿನ್ಯಾಸ ಮಾಡಿದರೆ ನನ್ನ ತಪ್ಪನ್ನು ಹಿಡಿಯುವವರು ಯಾರು? ಇನ್ನೊಂದು ಮಾತು. ನಾವು ಎಲ್ಲ ಕಬ್ಬಿಣವನ್ನೂ ಎಣಿಸುವುದಿಲ್ಲ, ಎಣಿಸಲು ಆಗುವುದೂ ಇಲ್ಲ. ಮುಖ್ಯವಾದದ್ದನ್ನು, ಅಪಾಯ ಇರುವ ಕಡೆಯನ್ನು ಆರಿಸಿ ನೋಡುತ್ತೇವೆ. ಸಣ್ಣ ಕೂಡುವ ತಪ್ಪುಗಳಲ್ಲೇ ನಮ್ಮ ಸಮಯ ಕಳೆದುಹೋದರೆ ದೊಡ್ಡದು ಕಣ್ತಪ್ಪುವ ಸಾಧ್ಯತೆ ಜಾಸ್ತಿಯಾಗುತ್ತದೆ. ಕಳಪೆ ನಕ್ಷೆಯ ನಿಜವಾದ ಅಪಾಯ ಇದು, ತಡ ಆಗುವುದಲ್ಲ.

ಲಂಚದ ಮಾತು ಎತ್ತದೆ ಇದ್ದರೆ ಓದುಗರು ನನ್ನನ್ನು ನಂಬುವುದಿಲ್ಲ. ದುಡ್ಡಿಗಾಗಿ ಫೈಲ್ ಹಿಡಿದಿಡುವವರು ಎಲ್ಲಿದ್ದರೂ ಅವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಯೋಚಿಸಿ. ಅಂಥವರಿಗೆ ದೊಡ್ಡ ಅನುಕೂಲ ಮಾಡಿಕೊಡುವುದು ಕೆಟ್ಟ ನಕ್ಷೆಯೇ. ತಪ್ಪುಗಳು ತುಂಬಿದ ಫೈಲ್ ಇದ್ದರೆ ನಿಲ್ಲಿಸಲು ಕಾರಣ ಹುಡುಕಬೇಕಾಗಿಲ್ಲ, ನಿಜವಾದ ಕಾರಣವೇ ಇರುತ್ತದೆ. ಅದನ್ನು ಬಿಡಲು ದುಡ್ಡು ಕೊಟ್ಟರೆ ಅಪಾಯದ ಕಟ್ಟಡವೂ ಎದ್ದು ನಿಲ್ಲುತ್ತದೆ. ಶುದ್ಧವಾದ ನಕ್ಷೆಯನ್ನು ನಿಲ್ಲಿಸಿದರೆ ಕಾರಣ ಬರೆದು ಕೊಡಿ ಅಂತ ಧೈರ್ಯವಾಗಿ ಕೇಳಬಹುದು. ಕೆಟ್ಟ ನಕ್ಷೆ ಕೈಯಲ್ಲಿ ಹಿಡಿದವರಿಗೆ ಆ ಧೈರ್ಯ ಬರುವುದಿಲ್ಲ.

ಪರಿಶೀಲಿಸುವ ಆಫೀಸುಗಳೂ ಬದಲಾಗಬೇಕು, ಅದನ್ನೂ ಬರೆಯುತ್ತೇನೆ. "ನಿಯಮದಂತೆ ಸರಿಪಡಿಸಿ" ಅಂತ ಒಂದು ಸಾಲಿನ ಷರಾ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಶೀಟ್, ಯಾವ ಬೀಮ್, ಯಾವ ನಿಯಮ ಅಂತ ಬರೆಯಬೇಕು. ಮೊದಲ ಸಲವೇ ಎಲ್ಲ ಷರಾಗಳನ್ನೂ ಒಟ್ಟಿಗೆ ಕೊಡಬೇಕು. ಸ್ವಂತ ಇಷ್ಟವನ್ನು ನಿಯಮ ಅಂತ ಹೇರಬಾರದು, ಎಂಜಿನಿಯರ್ ಬೇರೆ ದಾರಿಯಲ್ಲಿ ಅದೇ ಸುರಕ್ಷತೆ ತೋರಿಸಿದರೆ ಒಪ್ಪಬೇಕು. ಎಲ್ಲಕ್ಕಿಂತ ಮೊದಲು, ಅಪೂರ್ಣ ನಕ್ಷೆಗಳನ್ನು ಬಾಗಿಲಲ್ಲೇ ವಾಪಸ್ ಮಾಡಬೇಕು. ಶೀಟುಗಳ ಪಟ್ಟಿ ಇದೆಯೇ, ಲೆಕ್ಕದ ಸಾರಾಂಶ ಇದೆಯೇ, ಮಣ್ಣಿನ ವರದಿ ಇದೇ ಜಾಗದ್ದೇ, ಮೆಟ್ಟಿಲಿನ ಅಡ್ಡಕೊಯ್ತದ ಚಿತ್ರ ಇದೆಯೇ ಅಂತ ನೋಡಲು ಅರ್ಧ ದಿನವೂ ಬೇಡ. ಇಲ್ಲದಿದ್ದರೆ ಆ ದಿನವೇ ವಾಪಸ್, ಸಾಲಿನಲ್ಲಿ ಜಾಗ ಇಲ್ಲ. ಹೀಗೆ ಮಾಡಿದರೆ ಮೊದಲ ಕೆಲವು ತಿಂಗಳು ಗಲಾಟೆ ಆಗುತ್ತದೆ. ಆಗಲಿ. ಮೂರನೇ ಸಲವೂ ಅದೇ ತಪ್ಪಿನೊಂದಿಗೆ ಬಂದ ಫೈಲ್‌ಗೆ ಸೀಲು ಹಾಕಿದ ಎಂಜಿನಿಯರ್ ತಾವೇ ಬಂದು ಕೂತು ಉತ್ತರ ಕೊಡಬೇಕು. ಸಹಾಯಕರನ್ನೋ ಏಜೆಂಟರನ್ನೋ ಕಳಿಸಬಾರದು. ಯಾರ ನಕ್ಷೆ ಎಷ್ಟು ಸಲ ವಾಪಸ್ ಹೋಯಿತು ಎಂಬುದು ಜನರಿಗೆ ನೋಡಲು ಸಿಗಬೇಕು. ಎಂಜಿನಿಯರ್ ಆರಿಸುವಾಗ ಕಡಿಮೆ ಫೀಸ್ ಒಂದೇ ನೋಡುವ ಮಾಲೀಕರಿಗೆ ಅದೂ ಕಾಣಲಿ.

ಕೊನೆಗೆ, ಕಟ್ಟಡ ಕಟ್ಟಿಸುತ್ತಿರುವ ಓದುಗರಿಗೆ ಒಂದು ಮಾತು. ಅರ್ಜಿಗೆ ಸಹಿ ಮಾಡುವ ಮೊದಲು ಸೀಲು ಹಾಕಿದ ಎಂಜಿನಿಯರ್ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಯಾವುದಾದರೂ ಒಂದು ಕಾಲಂ ತೋರಿಸಿ, ಅದನ್ನು ಮೇಲಿನ ಮಹಡಿಯಿಂದ ಫೂಟಿಂಗಿನವರೆಗೆ ಎಲ್ಲ ಶೀಟುಗಳಲ್ಲೂ ಬೆರಳಿಟ್ಟು ತೋರಿಸಿ ಅಂತ ಕೇಳಿ. ನೀರಿನ ಟ್ಯಾಂಕಿನ ಭಾರ ಲೆಕ್ಕದ ಯಾವ ಪುಟದಲ್ಲಿದೆ ಅಂತ ಕೇಳಿ. ಬಾಲ್ಕನಿಯ ಕಬ್ಬಿಣ ಮೇಲಿದೆಯೋ ಕೆಳಗಿದೆಯೋ ಕೇಳಿ. ನಿಮ್ಮ ನಿವೇಶನದಲ್ಲಿ ಎಲ್ಲಿ ಕೊರೆದು ಮಣ್ಣು ನೋಡಿದರು ಅಂತ ಕೇಳಿ. ಇದಕ್ಕೆ ನೀವು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ತಮ್ಮ ಕೆಲಸ ಗೊತ್ತಿರುವವರು ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಆ ಅರ್ಧ ಗಂಟೆ ಕೊಡಲು ನಿಮ್ಮ ಎಂಜಿನಿಯರ್ ಒಪ್ಪದಿದ್ದರೆ ಆ ನಕ್ಷೆಯನ್ನು ಅನುಮತಿಗೆ ತರಬೇಡಿ, ಬೇರೆ ಎಂಜಿನಿಯರ್ ಹುಡುಕಿ.

ಇತಿ,
ನಕ್ಷೆ ಪರಿಶೀಲಿಸುವ ಒಬ್ಬ ಎಂಜಿನಿಯರ್